ಅಣ್ಣನ ಪಿಕಪ್ಪಿನ ಹೀಟ್ ಮೀಟರ್

ನನ್ನ ಅಣ್ಣ ಅಡಿಗೆ ಕಂತ್ರಾಟು ಹಿಡಿಯುವವನು. ಜಮಖಂಡಿಯ ಸುತ್ತಮುತ್ತ ಮದುವೆ, ಕುಬಸ, ವಾಸ್ತುಶಾಂತಿ ಏನಿದ್ದರೂ ಅವನಿಗೆ ಕರೆ ಬರುತ್ತದೆ. ಅವನ ಹತ್ತಿರ ಒಂದು ಡೀಸೆಲ್ ಪಿಕಪ್ ಇದೆ. ಅದಕ್ಕೆ ಇಪ್ಪತ್ತು ವರ್ಷ ದಾಟಿದೆ. ಹಿಂದಿನ ಡಬ್ಬಿಯಲ್ಲಿ ಹಂಡೆ, ಪರಾತ, ಗ್ಯಾಸಿನ ಒಲೆ ತುಂಬಿಕೊಂಡು ಅದು ಓಡಾಡದ ಊರು ಈ ನಾಲ್ಕು ತಾಲೂಕಿನಲ್ಲಿ ಇಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆ ಮತ್ತು ಅಣ್ಣನ ಮನೆ ಒಂದೇ ಓಣಿಯಲ್ಲಿವೆ. ಎರಡು ವರ್ಷದ ಹಿಂದೆ ಅವನ ಬಲ ಮೊಣಕಾಲು ಹಿಡಿದುಕೊಂಡಿತು. ಬ್ರೇಕ್ ಒತ್ತುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಬೇರೆ ಡ್ರೈವರ್ ಇಟ್ಟುಕೋ ಎಂದರೆ, ತನ್ನ ಗಾಡಿಯ ಗೇರು ತನ್ನನ್ನು ಬಿಟ್ಟರೆ ಯಾರಿಗೂ ಬೀಳುವುದಿಲ್ಲ ಎಂದ. ಅದು ಸುಳ್ಳು. ಮದುವೆಗೆ ಮೊದಲು ನಾನು ಡ್ರೈವಿಂಗ್ ಕಲಿತದ್ದೇ ಆ ಪಿಕಪ್ಪಿನ ಮೇಲೆ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿ ಕೀಲಿ ಇಸಿದುಕೊಂಡೆ. ಅಂದಿನಿಂದ ಶನಿವಾರ, ರವಿವಾರ ಮತ್ತು ರಜೆಯ ದಿನಗಳಲ್ಲಿ ಗಾಡಿ ಓಡಿಸುವವಳು ನಾನು. ಪಕ್ಕದಲ್ಲಿ ಕುಳಿತು ನನಗೆ ಗೊತ್ತಿರುವ ದಾರಿಯನ್ನೇ ತೋರಿಸುವವನು ಅವನು.

ಹೀಟ್ ಮೀಟರಿನ ತಕರಾರು ಶುರುವಾದದ್ದು ಬಾಡಗಂಡಿಗೆ ಹೋಗುವಾಗ. ಅಲ್ಲಿ ಒಂದು ವಾಸ್ತುಶಾಂತಿಯ ಅಡಿಗೆ ಇತ್ತು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಓಡಾಡಿ ರಸ್ತೆ ಕಿತ್ತು ಹೋಗಿತ್ತು. ಒಂದು ತಗ್ಗು ದಾಟಿದ್ದೇ ತಡ, ನಡುವೆ ಸುಮ್ಮನೆ ನಿಂತಿದ್ದ ಮೀಟರಿನ ಮುಳ್ಳು ಟಕ್ಕನೆ ಹಾರಿ ಕೆಂಪು ಗೆರೆಗೆ ಬಡಿಯಿತು. ನಾನು ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿದೆ.

"ಏನಾತು?" ಎಂದ ಅಣ್ಣ.

"ಎಂಜಿನ್ ಕಾದೈತಿ. ಮುಳ್ಳು ಕೆಂಪಿಗಿ ಹೋಗೈತಿ ನೋಡು."

ಬಾನೆಟ್ ಎತ್ತಿದೆವು. ಹಬೆ ಇಲ್ಲ, ಸುಟ್ಟ ವಾಸನೆ ಇಲ್ಲ. ನೀರಿನ ಡಬ್ಬಿಯಲ್ಲಿ ಗೆರೆಯ ಮಟ್ಟಕ್ಕೆ ನೀರಿತ್ತು. ಅರ್ಧ ತಾಸು ಕಾಯ್ದು ಗಾಡಿ ಚಾಲೂ ಮಾಡಿದರೆ ಮುಳ್ಳು ಒಳ್ಳೆಯವರ ಹಾಗೆ ತನ್ನ ಜಾಗದಲ್ಲಿತ್ತು. ಒಂದು ಮೈಲು ಹೋಗುವುದರೊಳಗೆ ಮತ್ತೆ ಹಾರಿತು. ಹೀಗೆ ನಿಲ್ಲುತ್ತಾ ಹೊರಡುತ್ತಾ ಬಾಡಗಂಡಿ ಮುಟ್ಟುವಷ್ಟರಲ್ಲಿ ಆ ಮನೆಯವರು ಅಣ್ಣನ ಫೋನಿಗೆ ಏಳು ಸಲ ಫೋನ್ ಮಾಡಿದ್ದರು.

ಜಮಖಂಡಿಯ ಮೆಕ್ಯಾನಿಕ್ ಒಬ್ಬರು ರೇಡಿಯೇಟರ್ ಬಿಚ್ಚಿ ತೊಳೆದರು. ಎಂಜಿನ್ ಕಾದ ಮೇಲೆ ನೀರು ಬಿಡುವ ಥರ್ಮೋಸ್ಟಾಟ್ ಹೊಸದು ಹಾಕಿದರು. ಮೂರು ದಿನ ಗಾಡಿ ಸುಮ್ಮನಿತ್ತು. ಆ ಮೂರು ದಿನ ಅದು ಓಣಿ ಬಿಟ್ಟು ಹೊರಗೆ ಹೋಗಿರಲೇ ಇಲ್ಲ. ನಾಲ್ಕನೆಯ ದಿನ ಚಿಮ್ಮಡದ ಕಡೆಗೆ ಹೊರಟಾಗ ಮುಳ್ಳು ಮತ್ತೆ ಕೆಂಪಿಗೆ ಹಾರಿತು.

"ಅದಕ್ಕ ತಲಿ ಕೆಟ್ಟೈತಿ ಬೇ. ಎಂಜಿನ್ ಛಲೋ ಐತಿ, ಮೀಟರ್ ಸುಳ್ಳ ಹೇಳಾಕತ್ತೈತಿ," ಎಂದ ಅಣ್ಣ. ಮರುದಿನ ನಾನು ಹೋಗಿ ನೋಡಿದರೆ ಹಳೆಯ ಕ್ಯಾಲೆಂಡರಿನ ಒಂದು ತುಂಡು ಹರಿದು, ಮೈದಾ ಹಿಟ್ಟಿನ ಅಂಟು ಹಚ್ಚಿ ಮೀಟರಿನ ಮೇಲೆ ಅಂಟಿಸಿಬಿಟ್ಟಿದ್ದ.

"ಇದೇನಣ್ಣಾ?"

"ಕಂಡ್ರ ತಾನ ಹೆದರಿಕಿ? ಕಾಣದಂಗ ಮಾಡೇನಿ."

ನಾನು ಅಲ್ಲೇ ನಿಂತು ಆ ಕಾಗದವನ್ನು ಉಗುರಿನಿಂದ ಕೆರೆದು ತೆಗೆದೆ. ನನಗೆ ಸಿಟ್ಟು ಬಂದದ್ದು ಅಣ್ಣನ ಮೇಲೆ ಅಷ್ಟಾಗಿ ಅಲ್ಲ. ಮಾಪಕ ತಪ್ಪು ತೋರಿಸಿದರೆ ಏಕೆ ತಪ್ಪು ತೋರಿಸಿತು ಎಂದು ಹುಡುಕಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದವಳು ನಾನು. ನನ್ನ ಸ್ವಂತ ಅಣ್ಣನ ಗಾಡಿಯಲ್ಲೇ ಮಾಪಕಕ್ಕೆ ಮುಸುಕು ಹಾಕುವುದೆಂದರೆ ಹೇಗೆ?

"ನಾ ದುರಸ್ತಿ ಮಾಡ್ತೀನಿ," ಎಂದೆ.

"ನೀ ಮಾಡ್ತೀ? ಮೆಕ್ಯಾನಿಕ್ ಕಡಿಂದ ಆಗಲಿಲ್ಲ."

"ನಾ ಮಾಡ್ತೀನಿ."

ಹಾಗೆ ಹೇಳಿದ ಧೈರ್ಯದಲ್ಲೇ ಮೊದಲ ತಪ್ಪು ಮಾಡಿದೆ. ಎಂಜಿನ್ನಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆಯ ಸೆನ್ಸರ್ ಇರುತ್ತದೆ. ಒಳಗಿನ ನೀರಿನ ಬಿಸಿಯನ್ನು ಅಳೆದು, ಒಂದೇ ಒಂದು ವೈರಿನ ಮೂಲಕ ಅದು ಮೀಟರಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಸುಳ್ಳು ಎಂದರೆ ಸುದ್ದಿ ಹೇಳುವವನೇ ಕೆಟ್ಟಿರಬೇಕು ಎಂದು ಎಣಿಸಿದೆ. ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಹೊಸ ಸೆನ್ಸರ್ ತಂದು, ಎಂಜಿನ್ ತಣ್ಣಗಿದ್ದಾಗ ಹಳೆಯದನ್ನು ಬಿಚ್ಚಿ, ನೀರು ಚೆಲ್ಲದಂತೆ ರಂಧ್ರಕ್ಕೆ ಬೆರಳಿಟ್ಟು ಹೊಸದನ್ನು ತಿರುಗಿಸಿ ಕೂಡಿಸಿದೆ.

ಅದಾದ ಮೇಲೆ ಬನಹಟ್ಟಿಗೆ ಹೋಗಿ ಬಂದೆವು. ಮುಳ್ಳು ಒಂದು ಸಲವೂ ಹಾರಲಿಲ್ಲ. ಬರೀ ಹಾರಲಿಲ್ಲ ಅಲ್ಲ, ಕೆಳಗಿನ ಗೆರೆ ಬಿಟ್ಟು ಮೇಲೆ ಏಳಲೇ ಇಲ್ಲ. ಅಣ್ಣನಿಗೆ ಬಹಳ ಖುಷಿಯಾಯಿತು. "ಈಗ ನೋಡು, ಎಂಜಿನ್ ಹೆಂಗ ತಂಪಗೈತಿ!" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ. ನಾನೂ ಎರಡು ದಿನ ಬೀಗಿದೆ. ಮೂರನೆಯ ದಿನ ಮಾತ್ರ ಅನುಮಾನ ಬಂತು. ಏಪ್ರಿಲ್ ತಿಂಗಳ ಬಿಸಿಲು. ಗಾಡಿಯ ಮೇಲೆ ಆರು ಹಂಡೆ. ಊರೊಳಗಿನ ಏರು ಹತ್ತಿ ಬಂದು ಬಾನೆಟ್ ಎತ್ತಿದರೆ ಮೇಲಿನ ರಬ್ಬರ್ ಪೈಪಿನ ಹತ್ತಿರ ಕೈ ಒಯ್ಯಲಾಗುತ್ತಿರಲಿಲ್ಲ. ಮೀಟರ್ ನೋಡಿದರೆ ಈಗ ತಾನೆ ನಿದ್ದೆಯಿಂದ ಎದ್ದ ಗಾಡಿ ಎಂಬಂತೆ ತೋರಿಸುತ್ತಿತ್ತು. ಮೊದಲು ಇಲ್ಲದ ಬಿಸಿಯನ್ನು ಇದೆ ಎನ್ನುತ್ತಿತ್ತು. ಈಗ ಇರುವ ಬಿಸಿಯನ್ನೇ ಇಲ್ಲ ಎನ್ನುತ್ತಿದೆ. ಇದು ಅದಕ್ಕಿಂತ ಕೆಟ್ಟದ್ದು.

ಶನಿವಾರ ಶಾಲೆಯ ಪ್ರಯೋಗಶಾಲೆಯಿಂದ ಥರ್ಮಾಮೀಟರ್ ಮತ್ತು ವಿದ್ಯುತ್ ಅಳೆಯುವ ಮಲ್ಟಿಮೀಟರ್ ಕೇಳಿ ತಂದೆ. ರವಿವಾರ ಬೆಳಿಗ್ಗೆ ಅಣ್ಣನ ಅಡಿಗೆಮನೆಯಲ್ಲಿ ಚಹಾ ಕಾಸುವ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ಗಾಡಿಯಿಂದ ಹೊಸ ಸೆನ್ಸರನ್ನೂ ಬಿಚ್ಚಿ ತಂದು, ಎರಡಕ್ಕೂ ತಾಮ್ರದ ತಂತಿ ಕಟ್ಟಿ, ಸವುಟಿಗೆ ಜೋತುಬಿಟ್ಟು ನೀರಿನಲ್ಲಿ ಇಳಿಸಿದೆ. ತಂತಿಯ ಇನ್ನೊಂದು ತುದಿ ಮಲ್ಟಿಮೀಟರಿಗೆ.

ಅಣ್ಣ ಬಂದು ನೋಡಿದ. "ಯವ್ವಾ, ಇದೇನ ಸಾರು?"

"ಸುಮ್ನ ಕೂಡು. ನಾ ಹೇಳಿದ್ದು ಬರಕೋ."

ಅವನು ಸಾಮಾನಿನ ಚೀಟಿ ಬರೆಯುವ ಪುಸ್ತಕ ತೆಗೆದುಕೊಂಡು ಮಣೆಯ ಮೇಲೆ ಕಾಲು ಚಾಚಿ ಕುಳಿತ. ನಲವತ್ತು ಡಿಗ್ರಿ, ಐವತ್ತು, ಅರವತ್ತು ಎಂದು ನಾನು ಹೇಳುತ್ತಾ ಹೋದೆ. ಪ್ರತಿ ಮಟ್ಟಕ್ಕೂ ಎರಡೂ ಸೆನ್ಸರುಗಳ ವಿದ್ಯುತ್ ತಡೆಯ ಅಳತೆ ಹೇಳಿದೆ; ಬಿಸಿ ಏರಿದಂತೆ ಈ ತಡೆ ಇಳಿಯಬೇಕು. ಎಪ್ಪತ್ತರ ಹೊತ್ತಿಗೆ ನಾನು ಥರ್ಮಾಮೀಟರ್ ಒರೆಸಿಕೊಳ್ಳುತ್ತಿದ್ದೆ. ಅಣ್ಣ ತಲೆ ಎತ್ತದೆ, "ಈಗ ಎಂಬತ್ತು ಆತು," ಎಂದ. ನೋಡಿದರೆ ಖರೆಯೇ ಎಂಬತ್ತಕ್ಕೆ ಎರಡು ಕಡಿಮೆ.

"ಹೆಂಗ ಗೊತ್ತಾತು ನಿನಗ?"

"ನೀರಿನ ಸಪ್ಪಳ ಬದಲಾತಲ್ಲ. ಮೂವತ್ತ ವರ್ಷ ಅದ ಸಪ್ಪಳ ಕೇಳೇನಿ."

ನೀರು ಕುದಿಯುವಷ್ಟರಲ್ಲಿ ಉತ್ತರ ಪುಸ್ತಕದ ಪುಟದ ಮೇಲಿತ್ತು. ನೀರು ಬಿಸಿಯಾದಂತೆ ಹಳೆಯ ಸೆನ್ಸರಿನ ಅಂಕಿ ಒಂದೇ ಹದದಲ್ಲಿ, ಎಲ್ಲಿಯೂ ಜಿಗಿಯದೆ ಇಳಿಯುತ್ತಾ ಬಂದಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಹೊಸದೂ ಹಾಗೆಯೇ ಇಳಿದಿತ್ತು, ಆದರೆ ಅದರ ಅಂಕಿ ಎಲ್ಲ ಕಡೆಯೂ ಹಳೆಯದರ ಹೆಚ್ಚುಕಡಿಮೆ ಎರಡರಷ್ಟು. ಅದು ಕೆಟ್ಟ ಸೆನ್ಸರ್ ಅಲ್ಲ. ಬೇರೆ ಜಾತಿಯ ಮೀಟರಿಗೆ ಮಾಡಿದ್ದು; ಅದರ ಹೆಚ್ಚಿನ ಅಂಕಿಯನ್ನು ನಮ್ಮ ಮೀಟರ್ ತಂಪು ಎಂದು ಓದುತ್ತಿತ್ತು. ಹಿಡಿಯಿತು ಎಂದು ನಾನು ತಿರುಗಿಸಿ ಕೂಡಿಸಿದ್ದೆ, ಅಷ್ಟೇ. ಎರಡು ದಿನ ಬೀಗಿದ್ದು ಆ ತಪ್ಪಿನ ಮೇಲೆ.

"ಅಣ್ಣಾ, ನಂದ ತಪ್ಪಾಗೈತಿ. ಹಳೇದರಾಗ ಏನೂ ಐಬ ಇರಲಿಲ್ಲ," ಎಂದೆ.

ಅವನು ಗೇಲಿ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಪುಸ್ತಕವನ್ನು ನನ್ನ ಕಡೆ ಸರಿಸಿ, "ಹಂಗಾರ ಐಬ ಎಲ್ಲೈತಿ? ಹುಡುಕು," ಎಂದ.

ಹಳೆಯ ಸೆನ್ಸರನ್ನು ಅದರ ಜಾಗದಲ್ಲಿ ಮತ್ತೆ ಕೂಡಿಸಿದೆ. ಈ ಸಲ ಅವಸರ ಮಾಡಲಿಲ್ಲ. ಕೀಲಿ ತಿರುವಿಟ್ಟು ಸೆನ್ಸರಿನ ವೈರ್ ಕಿತ್ತೆ. ಮುಳ್ಳು ಪೂರ್ತಿ ಕೆಳಗೆ ಬಿತ್ತು. ಅದೇ ವೈರಿನ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿದೆ. ಮುಳ್ಳು ಟಕ್ಕನೆ ಕೆಂಪಿಗೆ ಹಾರಿತು. ಬಾಡಗಂಡಿಯ ದಾರಿಯಲ್ಲಿ ಹಾರಿತ್ತಲ್ಲ, ಥೇಟ್ ಹಾಗೆಯೇ. ಅಂದರೆ ಮೀಟರ್ ಸರಿ ಇದೆ, ಸೆನ್ಸರ್ ಸರಿ ಇದೆ. ನಡುವಿನ ವೈರ್ ಎಲ್ಲಿಯೋ ಸಿಪ್ಪೆ ಸುಲಿದುಕೊಂಡಿದೆ. ತಗ್ಗಿನಲ್ಲಿ ಗಾಡಿ ಅಲುಗಾಡಿದಾಗ ಕಬ್ಬಿಣಕ್ಕೆ ತಾಗುತ್ತಿದೆ. ಓಣಿಯಲ್ಲಿ ನಿಂತಾಗ ತಾಗುವುದಿಲ್ಲ. ಅದಕ್ಕೇ ಮೆಕ್ಯಾನಿಕ್ಕಿನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೆ ಆ ವೈರ್ ಹತ್ತಾರು ವೈರುಗಳ ಕಟ್ಟಿನಲ್ಲಿ ಸೇರಿ, ಎಂಜಿನ್ನಿನ ಹಿಂದೆ ಕೈ ಹೋಗದ ಜಾಗದಲ್ಲಿ ಹಾದುಹೋಗಿತ್ತು. ಮುಧೋಳದಲ್ಲಿ ಗಾಡಿಗಳ ವೈರಿಂಗ್ ಮಾಡುವ ವಯಸ್ಸಾದ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಗಾಡಿ ತೆಗೆದುಕೊಂಡು ಅವರ ಅಂಗಡಿಗೆ ಹೋದೆವು. ನಾನು ಮಾಡಿದ ಪರೀಕ್ಷೆಗಳನ್ನೆಲ್ಲ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ಪೂರ್ತಿ ಕೇಳಿಸಿಕೊಂಡರು.

"ಅಕ್ಕಾರ, ಅರ್ಧಾ ಕೆಲಸ ನೀವ ಮಾಡಿ ತಂದೀರಿ," ಎಂದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರ ಎಂದೇ ಕರೆಯುವುದು. "ನಿಂತ ಗಾಡ್ಯಾಗ ಈ ರೋಗ ಸಿಗಂಗಿಲ್ಲರಿ. ಅದಕ್ಕ ತಗ್ಗಿನ ರಸ್ತೆ ಇಲ್ಲೇ ತೋರಸೂಣು. ನೀವು ಒಳಗ ಕುಂತು ಮುಳ್ಳ ನೋಡ್ರಿ. ನಾ ವೈರ್ ಅಲುಗಾಡಸ್ತೀನಿ. ಹಾರಿದ ಕೂಡ್ಲೆ ಒದರ್ರಿ."

ನಾನು ಒಳಗೆ ಕುಳಿತೆ. ಚಾಚಾ ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ, ವೈರಿನ ಕಟ್ಟನ್ನು ಗೇಣು ಗೇಣು ಹಿಡಿದು ಜಗ್ಗುತ್ತಾ ಹೋದರು. ಮುಳ್ಳು ಅಲುಗಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅಣ್ಣ ಹೊರಗೆ ಸ್ಟೂಲಿನ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದ. ಆಗ ಮುಳ್ಳು ಹಾರಿತು.

"ಹಾರಿತ್ರೀ!" ಎಂದು ನಾನು ಕೂಗಿದ್ದು ಪಕ್ಕದ ಪಂಕ್ಚರ್ ಅಂಗಡಿಗೂ ಕೇಳಿಸಿತು.

ಚಾಚಾ ಕೈ ಆಡಿಸದೆ ಅಲ್ಲೇ ಹಿಡಿದುಕೊಂಡು ನನ್ನನ್ನು ಕರೆದರು. ಎಂಜಿನ್ನಿನ ಹಿಂಭಾಗದಲ್ಲಿ ವೈರಿನ ಕಟ್ಟನ್ನು ಹಿಡಿದಿರಬೇಕಾದ ಪ್ಲಾಸ್ಟಿಕ್ ಕ್ಲಿಪ್ ಯಾವಾಗಲೋ ಮುರಿದಿತ್ತು. ಅದರ ಬದಲು ಯಾರೋ ಸಣ್ಣ ಕಬ್ಬಿಣದ ತಂತಿಯಿಂದ ಕಟ್ಟನ್ನು ಎಂಜಿನ್ನಿಗೆ ಬಿಗಿದಿದ್ದರು. ಆ ತಂತಿ ವರ್ಷಗಟ್ಟಲೆ ಉಜ್ಜಿ ಉಜ್ಜಿ, ಸುತ್ತಿದ ಟೇಪು ಕತ್ತರಿಸಿ, ಒಂದು ವೈರಿನ ತಾಮ್ರದವರೆಗೆ ಇಳಿದಿತ್ತು. ನಮ್ಮ ವೈರ್ ಅದೇ.

"ಇದು ಮೆಕ್ಯಾನಿಕ್ ಮಾಡಿದ ಕೆಲಸಲ್ಲರಿ. ಇಂಥಾ ತಂತಿ ನಾವ್ಯಾರೂ ಹಾಕಂಗಿಲ್ಲ," ಎಂದರು ಚಾಚಾ.

ನನಗೆ ಆ ತಂತಿಯ ಗುರುತು ಸಿಕ್ಕಿತು. ಅಡಿಗೆ ಸಾಗಿಸುವಾಗ ಹಂಡೆಯ ಮುಚ್ಚಳ ಹಾರದಂತೆ ಅಣ್ಣ ಕಟ್ಟುವ ತಂತಿ ಅದು. ತಿರುಗಿ ಅವನನ್ನು ನೋಡಿದೆ. ಅವನು ಸ್ಟೂಲಿನಿಂದ ಎದ್ದು ಬಂದು ಬಗ್ಗಿ ನೋಡಿದ.

"ಬೀಳಗಿ ಮದಿವ್ಯಾಗ ಕ್ಲಿಪ್ ಕಡದಿತ್ತು," ಎಂದ. "ವೈರ್ ಜೋತಾಡಾಕತ್ತಿತ್ತು. ಕೈಯಾಗ ಇದ್ದ ತಂತಿ ಕಟ್ಟಿದೆ. ಛಲೋನ ಮಾಡೇನಿ ಅಂತ ತಿಳಕೊಂಡಿದ್ನಿ."

"ಛಲೋ ಮಾಡೀರಿ ಬಿಡ್ರಿ," ಎಂದರು ಚಾಚಾ ನಗುತ್ತಾ. "ಇಷ್ಟ ವರ್ಷ ತಡದೈತಿ."

ಅವರು ಆ ತುಂಡು ವೈರ್ ಬದಲಿಸಿ, ರಬ್ಬರಿನ ಕೊಳವೆ ಹಾಕಿ, ಹೊಸ ಕ್ಲಿಪ್ಪಿನಲ್ಲಿ ಕೂಡಿಸಿದರು. ಜಮಖಂಡಿಗೆ ಮರಳುವಾಗ ಸಿಕ್ಕ ತಗ್ಗನ್ನೆಲ್ಲ ನಾನು ಬೇಕೆಂದೇ ಹಾರಿಸಿದೆ. ಅಣ್ಣ ಸೀಟಿಗೆ ಅವುಚಿಕೊಂಡು ಬೈದ. ಮುಳ್ಳು ನಡುವಿನಿಂದ ಕದಲಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಮೇ ತಿಂಗಳಲ್ಲಿ ಗಲಗಲಿಯ ಒಂದು ಮನೆಯಲ್ಲಿ ಕುಬಸ ಇತ್ತು. ಆ ಮನೆಯ ಮಗಳು ಚೊಚ್ಚಲ ಬಸುರಿ. ಮನೆಯಂಗಳ ಸಣ್ಣದು, ಒಲೆ ಹೂಡಲು ಜಾಗವಿಲ್ಲ. ಹಾಗಾಗಿ ಅಡಿಗೆ ಪೂರ್ತಿ ಜಮಖಂಡಿಯಲ್ಲೇ ಮಾಡಿ ಒಯ್ಯಬೇಕಾಗಿತ್ತು. ಹೋಳಿಗೆ, ಕಟ್ಟಿನ ಸಾರು, ಚಿತ್ರಾನ್ನ, ಮೊಸರನ್ನ, ಎಣಗಾಯಿ ಪಲ್ಯ, ಸಜ್ಜಿ ರೊಟ್ಟಿ. ಹೋಳಿಗೆಯನ್ನು ಬಿಳಿ ಅರಿವೆ ಹಾಸಿದ ಬುಟ್ಟಿಗಳಲ್ಲಿ ಇಟ್ಟಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ಪಂಕ್ತಿ ಕೂಡುತ್ತದೆ ಎಂದಿದ್ದರು. ನಾವು ಹನ್ನೊಂದಕ್ಕೇ ಅರ್ಧ ದಾರಿ ದಾಟಿದ್ದೆವು.

ಕಬ್ಬಿನ ಹೊಲಗಳ ನಡುವೆ ಹೋಗುವಾಗ ಮುಳ್ಳು ನಡುವಿನ ಗೆರೆ ಬಿಟ್ಟು ಒಂದು ಕೂದಲೆಳೆಯಷ್ಟು ಮೇಲೆ ಸರಿದಂತೆ ಕಂಡಿತು. ಬಿಸಿಲಿಗೆ ಕಣ್ಣು ಮೋಸ ಮಾಡಿತೇನೋ ಎಂದುಕೊಂಡೆ. ಒಂದು ನಿಮಿಷ ಬಿಟ್ಟು ನೋಡಿದೆ. ಇನ್ನೂ ಸ್ವಲ್ಪ ಏರಿತ್ತು. ಮತ್ತೊಂದು ನಿಮಿಷಕ್ಕೆ ಕೆಂಪು ಗೆರೆಯ ಹತ್ತಿರ. ನಾನು ಬೇವಿನ ಗಿಡದ ನೆರಳಿಗೆ ಗಾಡಿ ಹಾಕಿ ಬಂದ್ ಮಾಡಿದೆ.

"ಯಾಕ ನಿಲ್ಲಿಸಿದಿ?"

"ಎಂಜಿನ್ ಕಾಯಾಕತ್ತೈತಿ."

"ಅಯ್ಯ, ಮತ್ತ ಅದ ಹುಚ್ಚು ಶುರುವಾತು! ಹೊಡಿ ಗಾಡಿ. ಇನ್ನ ಐದು ಮೈಲು ಐತಿ. ಮಂದಿ ಎಲಿ ಹಾಕ್ಕೊಂಡು ಕುಂತಿರ್ತಾರ."

"ಅಣ್ಣಾ, ಆವಾಗ ಹಾರತಿತ್ತು. ಈಗ ಏರಾಕತ್ತೈತಿ. ಹಾರೂದು ಸುಳ್ಳ, ಏರೂದು ಖರೆ. ನೀರ ಕಾಯೂದು ನಿನಗ ಗೊತ್ತೈತಿಲ್ಲ? ಒಮ್ಮಿಗೇ ಕುದೀತೈತೇನು?"

ಅವನು ನನ್ನ ಮುಖ ನೋಡಿದ. ಆಮೇಲೆ ಮೀಟರ್ ನೋಡಿದ. ಬಾಗಿಲು ತೆಗೆದು ಕುಂಟುತ್ತಾ ಇಳಿದು ಬಾನೆಟ್ಟಿನ ಹತ್ತಿರ ಹೋದ. ನಾನು ಎತ್ತಿದೆ. ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟ್ ಕಾದ ಸಿಹಿ ಸಿಹಿ ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ರಬ್ಬರ್ ಪೈಪ್ ತುದಿಯಲ್ಲಿ ಸೀಳಿತ್ತು. ಅಲ್ಲಿಂದ ಹನಿ ಹನಿಯಾಗಿ ಬಿದ್ದು ಮಣ್ಣು ಒದ್ದೆಯಾಗುತ್ತಿತ್ತು. ನೀರಿನ ಡಬ್ಬಿ ಪೂರ್ತಿ ಖಾಲಿ. ಇನ್ನೆರಡು ಮೈಲು ಹೊಡೆದಿದ್ದರೆ ಎಂಜಿನ್ ಕಚ್ಚಿಕೊಳ್ಳುತ್ತಿತ್ತು.

ಅಣ್ಣ ಅಲ್ಲೇ ನಿಂತು ಒದ್ದೆ ಮಣ್ಣನ್ನು ನೋಡುತ್ತಿದ್ದ. ಅವನ ಚಿಂತೆ ಎಂಜಿನ್ನಿನದಲ್ಲ, ಹಿಂದಿರುವ ಊಟದ್ದು ಎಂದು ನನಗೆ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಪಂಕ್ತಿಯೂ ಅವನಿಂದ ತಡವಾಗಿಲ್ಲ. ಅಷ್ಟರಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಕೈ ಮಾಡಿದೆ. ಓಡಿಸುತ್ತಿದ್ದವರು ಗಲಗಲಿಯವರೇ. ಕುಬಸದ ಮನೆ ಯಾವುದು ಎಂದು ನಾವು ಹೇಳುವ ಮೊದಲೇ ಅವರು ಹೇಳಿದರು.

"ಅಲ್ಲೀದು ಊಟೇನ್ರಿ? ಹಂಗಾರ ನನ್ನದೂ ಊಟ ಅಲ್ಲೇ ಐತಿ. ಏರಸ್ರಿ, ಏರಸ್ರಿ."

ಮೂವರೂ ಸೇರಿ ಹಂಡೆ, ಬುಟ್ಟಿಗಳನ್ನು ಟ್ರೇಲರಿಗೆ ಸಾಗಿಸಿದೆವು. ತಾಡಪತ್ರಿ ಹಾಸಿ, ಮೇಲೊಂದು ಹೊದಿಸಿದೆವು. ಅಣ್ಣ ಹೋಳಿಗೆಯ ಬುಟ್ಟಿಗಳ ನಡುವೆ ಕುಳಿತು ಎರಡನ್ನು ಎರಡು ತೋಳಿನಲ್ಲಿ ಅವುಚಿಕೊಂಡ.

"ನೀ ಒಬ್ಬಾಕಿನ ಏನ ಮಾಡ್ತಿ?" ಎಂದ.

"ಪೈಪ್ ಕಟ್ಟಿ ಬರ್ತೀನಿ. ನೀ ನಡಿ."

ಎಂಜಿನ್ ಆರಲು ಮುಕ್ಕಾಲು ತಾಸು ಬಿಟ್ಟೆ. ರೇಡಿಯೇಟರಿನ ಮುಚ್ಚಳ ಬಿಸಿಯಲ್ಲಿ ತೆಗೆದರೆ ಮುಖ ಸುಡುತ್ತದೆ, ಆ ಅವಸರ ಮಾಡಲಿಲ್ಲ. ಹತ್ತಿರದ ತೋಟದ ಮನೆಯ ಹೆಣ್ಣುಮಗಳೊಬ್ಬರು ಬೋರಿನ ನೀರು ಎರಡು ಕೊಡ ತಂದುಕೊಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಪಕ್ಕದಲ್ಲೇ ನಿಂತರು. ಪೈಪಿನ ಸೀಳು ತುದಿಯಲ್ಲಿ ಎರಡು ಬೆರಳಿನಷ್ಟೇ ಇತ್ತು. ಕ್ಲಾಂಪ್ ಸಡಿಲಿಸಿ ಪೈಪ್ ಬಿಚ್ಚಿದೆ. ಅಣ್ಣನ ತರಕಾರಿ ಚಾಕುವಿನಿಂದ ಸೀಳಿದಷ್ಟು ಭಾಗವನ್ನು ಕೊಯ್ದೆ. ಉಳಿದದ್ದನ್ನು ಜಗ್ಗಿ ಕೂಡಿಸಿ ಕ್ಲಾಂಪ್ ಬಿಗಿದೆ. ನೀರು ತುಂಬಿ ಗಾಡಿ ಚಾಲೂ ಮಾಡಿ, ಕೆಳಗೆ ಬಗ್ಗಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ.

"ನಿಮಗ ಇದೆಲ್ಲಾ ಹೆಂಗ ಬರತೈತ್ರಿ?" ಎಂದರು ಆಕೆ.

"ಕಲತೇನ್ರಿ," ಎಂದೆ. ಹಾಗೆ ಹೇಳುವಾಗ ಮನಸ್ಸಿಗೆ ಬಹಳ ಸುಖವೆನಿಸಿತು.

ಗಲಗಲಿ ಮುಟ್ಟಿದಾಗ ಒಂದೂವರೆ. ಮೊದಲ ಪಂಕ್ತಿ ಎದ್ದು ಎರಡನೆಯದು ಕುಳಿತಿತ್ತು. ಮೊದಲ ಪಂಕ್ತಿ ಹೇಳಿದ ಹೊತ್ತಿಗೇ ಕುಳಿತಿತ್ತಂತೆ. ಹಸಿರು ಸೀರೆ ಉಟ್ಟ ಬಸುರಿ ಹುಡುಗಿ ಗೆಳತಿಯರ ನಡುವೆ ಕುಳಿತು ಚಿತ್ರಾನ್ನ ಉಣ್ಣುತ್ತಿದ್ದಳು. ಟ್ರ್ಯಾಕ್ಟರ್ ಓಡಿಸಿದವರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅಣ್ಣ ಸಾರಿನ ಬಕೆಟ್ ಹಿಡಿದಲ್ಲಿಂದಲೇ ನನ್ನನ್ನು ನೋಡಿ ಹುಬ್ಬು ಏರಿಸಿದ. ನಾನು ತಲೆ ಆಡಿಸಿದೆ. ಅವನು ಪಕ್ಕದಲ್ಲಿದ್ದ ಹಿರಿಯರಿಗೆ, "ನನ್ನ ತಂಗಿ. ರಸ್ತಾದಾಗ ಒಬ್ಬಾಕಿನ ಗಾಡಿ ರಿಪೇರಿ ಮಾಡ್ಕೊಂಡು ಬಂದಾಳ. ನಾ ಹೊಡಿ ಅಂದಿದ್ನಿ, ಆಕಿ ಕೇಳಲಿಲ್ಲ," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ.

ಬಸುರಿಯ ತಾಯಿ ಚರಿಗೆ ತಂದು ನನ್ನ ಕೈಗೆ ನೀರು ಹಾಕಿದರು. ಗ್ರೀಸ್ ಹೋಗಲಿಲ್ಲ. ಅವರು ಒಳಗಿನಿಂದ ಕಡಲೆಹಿಟ್ಟು ತಂದು ಅಂಗೈಗೆ ಸುರಿದರು. ಉಜ್ಜಿ ತೊಳೆದುಕೊಂಡು ಎಲೆಯ ಮುಂದೆ ಕುಳಿತೆ. ಅಣ್ಣ ಬೇರೆಯವರ ಕೈಯಿಂದ ಬುಟ್ಟಿ ಇಸಿದುಕೊಂಡು ಬಂದು, ನೋಯುವ ಮೊಣಕಾಲಿನಲ್ಲೇ ಬಗ್ಗಿ, ನನ್ನ ಎಲೆಗೆ ಎರಡು ಹೋಳಿಗೆ ಹಾಕಿದ.

"ಒಂದ ಸಾಕಣ್ಣಾ."

"ತಿನ್ನು," ಎಂದು ಅವನು ತುಪ್ಪ ತರಲು ಹೋದ.